ಎರಡು ನಿಮಿಷದ ಕಾವಲು

"ಈ ಲೈಬ್ರರಿ ಬರದವರು ಯಾರ್ರಿ ಮೇಡಂ? ಭಾಳ ಅಂಜುಬುರುಕ ಮನಷ್ಯಾ ಇರಬೇಕು."

ಬಾಳೇಶ ನನ್ನೊಡನೆ ಆಡಿದ ಮೊದಲ ಮಾತು ಇದು. ಅವನು ಕೆಲಸಕ್ಕೆ ಸೇರಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಕೈಯಲ್ಲಿ, ಲೈಬ್ರರಿ ಎಂದು ನಾವು ಕರೆಯುವ ನನ್ನ ಕೋಡಿನ ಪ್ರಿಂಟ್‌ಔಟ್, ಕಿವಿಯ ಮೇಲೊಂದು ಪೆನ್ಸಿಲ್.

"ಯಾಕೆ, ಏನಾಯ್ತು?" ಎಂದೆ.

"ಒಂದು ಬಫರ್ ಕೊಡಾಕ ಮೂರು ಸಲ ಕೇಳತೈತ್ರಿ. ಯಾರು ನೀನು, ಎಷ್ಟು ಬೇಕು, ಖರೇನ ವಾಪಸ್ ಕೊಡ್ತಿಯೇನು ಅಂತ. ನಮ್ಮ ಕಡೆ ಹೆಣ್ಣು ಕೊಡೋರೂ ಇಷ್ಟು ಕೇಳಂಗಿಲ್ಲ."

"ನಾನೇ ಬರೆದಿದ್ದು."

ಅವನು ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಪೆನ್ಸಿಲ್ ಸಿಕ್ಕಿಸಿದ್ದ ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು.

"ಹಂಗಾದ್ರ ಛಲೋ ಬರದೀರಿ ಬಿಡ್ರಿ."

"ಈಗ ತಾನೇ ಅಂಜುಬುರುಕ ಅಂದ್ರಿ."

"ಗೊತ್ತಿಲ್ಲದ ಅಂದೆ. ಗೊತ್ತಿದ್ರ ಹುಷಾರ್ ಮನಷ್ಯಾ ಅಂತಿದ್ದೆ."

ನಾನು ನಗಬಾರದೆಂದು ತುಟಿ ಬಿಗಿಹಿಡಿದೆ. ಅದನ್ನೂ ಅವನು ನೋಡಿಬಿಟ್ಟ.

ಅದು ಎರಡು ಸಾವಿರದ ಆರನೇ ಇಸವಿಯ ಆಗಸ್ಟ್. ಬಸವೇಶ್ವರನಗರದಲ್ಲಿ ಒಂದು ಮನೆಯ ಮೊದಲ ಮಹಡಿಯೇ ನಮ್ಮ ಆಫೀಸು. ಕೆಳಗೆ ಲೇಡೀಸ್ ಟೈಲರ್ ಅಂಗಡಿ. ಒಟ್ಟು ಐದು ಜನ. ಸ್ಕ್ಯಾನಿಂಗ್ ಮೆಷಿನ್ ತೋರಿಸುವ ಚಿತ್ರವನ್ನು ಕಂಪ್ಯೂಟರಿಗೆ ತಂದು, ಡಾಕ್ಟರು ನೋಡಿ ಪ್ರಿಂಟ್ ತೆಗೆಯುವಂತೆ ಮಾಡುವ ಸಾಫ್ಟ್‌ವೇರ್ ನಮ್ಮದು. ಸಣ್ಣ ಸಣ್ಣ ಸ್ಕ್ಯಾನಿಂಗ್ ಸೆಂಟರ್‌ಗಳೇ ಗಿರಾಕಿಗಳು.

ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನೊಳಗೆ ಕಸ ಗುಡಿಸುವ ಏರ್ಪಾಡು ಅದಕ್ಕೇ ಇರುತ್ತದೆ. ಬಳಸಿ ಬಿಟ್ಟ ಜಾಗವನ್ನು ತಾನೇ ಹುಡುಕಿ ತೆರವು ಮಾಡಿಕೊಳ್ಳುತ್ತದೆ. ಆದರೆ ಸ್ಕ್ಯಾನಿನ ಚಿತ್ರಗಳು ಬಂದು ಬೀಳುವುದು ಅದರ ಅಂಗಳದ ಆಚೆ, ಕಂಪ್ಯೂಟರಿನ ಬರಿಯ ಮೆಮೊರಿಯಲ್ಲಿ. ಅಲ್ಲಿ ಗುಡಿಸುವವರು ಯಾರೂ ಇಲ್ಲ. ಬೇಕಾದಷ್ಟು ಜಾಗ ಕೇಳಿ ಪಡೆಯಬೇಕು, ಕೆಲಸ ಮುಗಿದ ಕೂಡಲೇ ಹಿಂತಿರುಗಿಸಬೇಕು. ಮರೆಯುತ್ತಾ ಹೋದರೆ ಸಂಜೆಯೊಳಗೆ ಕಂಪ್ಯೂಟರ್ ಉಸಿರುಗಟ್ಟಿ ನಿಲ್ಲುತ್ತದೆ. ಹಾಗೆ ಪಡೆದ ಒಂದೊಂದು ತುಂಡು ಜಾಗವೂ ಒಂದು ಬಫರ್.

ಪ್ರತಿ ಚಿತ್ರಕ್ಕೂ ಹೊಸ ಜಾಗ ಕೇಳುತ್ತಾ ಕೂತರೆ ನಿಧಾನವೆಂದು, ನನ್ನ ಲೈಬ್ರರಿ ಹದಿನಾರು ಬಫರ್‌ಗಳನ್ನು ಮೊದಲೇ ತೆಗೆದಿಟ್ಟುಕೊಂಡಿರುತ್ತಿತ್ತು. ಮದುವೆ ಛತ್ರದ ಕೊಳದಪ್ಪಲೆಗಳ ಹಾಗೆ. ಕೇಳಿದವರಿಗೆ ಕೊಡುವುದು, ಅವರು ತಂದಿಟ್ಟ ಮೇಲೆ ಇನ್ನೊಬ್ಬರಿಗೆ ಕೊಡುವುದು. ಕೊಡುವ ಮೊದಲು ಮೂರು ಪರೀಕ್ಷೆ. ಅವನು ಹೇಳಿದ್ದು ಸುಳ್ಳಲ್ಲ. ನಾನು ಮನೆಯಿಂದ ಹೊರಡುವಾಗಲೂ ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ಹಿಂದಿರುಗಿ ನೋಡುವವಳು.

ಬಫರ್ ಕೊಡುವುದು ನನ್ನ ಕೆಲಸ. ಪಡೆದು, ಚಿತ್ರ ತೋರಿಸಿ, ಹಿಂತಿರುಗಿಸುವ ಭಾಗ ಬಾಳೇಶನದು.

ನಮ್ಮ ಆಫೀಸಿನಲ್ಲೊಂದು ಪದ್ಧತಿ ಇತ್ತು. ಕೋಡಿನಲ್ಲಿ ಏನೇ ಬದಲಾಯಿಸಿದರೂ ಊಟಕ್ಕೆ ಏಳುವಾಗ ಪ್ರೋಗ್ರಾಮನ್ನು ಓಡಲು ಬಿಟ್ಟು, ನಾಲ್ಕು ಗಂಟೆಯ ಟೀ ಹೊತ್ತಿಗೆ ಪರದೆಯ ಮೇಲೆ ಮೆಮೊರಿಯ ಬಳಕೆ ತೋರಿಸುವ ಗೆರೆ ನೋಡುವುದು. ಗೆರೆ ಮಟ್ಟವಾಗಿದ್ದರೆ ಎಲ್ಲವೂ ವಾಪಸ್ ಬಂದಿದೆ ಎಂದರ್ಥ. ಮೇಲೇರುತ್ತಿದ್ದರೆ ಯಾರೋ ಪಡೆದದ್ದನ್ನು ಹಾಗೆಯೇ ಹಿಡಿದು ಕೂತಿದ್ದಾರೆ.

ಆ ಗೆರೆ ನೋಡಲು ಇಬ್ಬರು ಬೇಕಿರಲಿಲ್ಲ. ಆದರೂ ನಾಲ್ಕು ಗಂಟೆಗೆ ಅವನು ಕುರ್ಚಿ ಎಳೆದುಕೊಂಡು ಬರುತ್ತಿದ್ದ. ಒಂದೇ ಮಾನಿಟರಿನ ಹಸಿರು ಬೆಳಕು ಇಬ್ಬರ ಮುಖದ ಮೇಲೂ. ಅವನು ಗೆರೆ ನೋಡುತ್ತಿರುವನೆಂದು ನಾನು ಅವನ ಕಡೆ ತಿರುಗಿದರೆ, ಅವನು ಗೆರೆ ನೋಡುತ್ತಿರಲಿಲ್ಲ.

"ಅಲ್ಲಿ ನೋಡಿ," ಎನ್ನುತ್ತಿದ್ದೆ.

"ನೋಡೇನ್ರಿ. ಮಟ್ಟಸ ಐತಿ."

"ನೋಡದೇ ಹೇಗೆ ಹೇಳ್ತೀರಾ?"

"ನಿಮ್ಮ ಮುಖ ನೋಡಿದ್ರ ಗೊತ್ತಾಗತೈತಿ. ಗೆರಿ ಒಂದು ಕೂದಲೆಳಿ ಮ್ಯಾಲ ಹೋದ್ರೂ ನಿಮ್ಮ ಹುಬ್ಬು ಮೊದಲ ಏರತಾವು."

ಆಫೀಸು ಗುಡಿಸಿ ಟೀ ತರುವ ಪಾಪಮ್ಮ, ಫ್ಲಾಸ್ಕಿನಿಂದ ಬಗ್ಗಿಸುತ್ತಾ, "ಇಬ್ರೂ ಆ ಟಿವೀಲಿ ಏನು ನೋಡ್ತೀರೋ. ಬರೀ ಒಂದು ಗೆರೆ," ಎನ್ನುತ್ತಿದ್ದಳು.

"ಭಾಳ ಛಲೋ ಕತಿ ಐತಿ ಪಾಪಮ್ಮ. ಮುಗ್ಯಾಂಗಿಲ್ಲ," ಎನ್ನುತ್ತಿದ್ದ.

ಸೆಪ್ಟೆಂಬರಿನ ಒಂದು ದಿನ ಮಾತ್ರ ಗೆರೆ ಏರಿತು. ಪ್ರಿಂಟರ್ ಕೈಕೊಟ್ಟಾಗ ಬಫರ್ ಹಿಂತಿರುಗಿಸುವುದನ್ನು ಅವನು ಮರೆತಿದ್ದ. ಹತ್ತು ನಿಮಿಷದಲ್ಲಿ ಸರಿಮಾಡಿ, ಕಿವಿ ಹಿಡಿದುಕೊಂಡು ನನ್ನ ಮುಂದೆ ಬಸ್ಕಿ ಹೊಡೆಯುವಂತೆ ನಟಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮರೆಯಲಿಲ್ಲ.

ಅವನು ಗದಗದ ಕಡೆಯವನು. ಕಾಮಾಕ್ಷಿಪಾಳ್ಯದಲ್ಲಿ ಗೆಳೆಯರೊಂದಿಗೆ ರೂಮು. ಸಂಜೆ ನಾನು ಸ್ಕೂಟಿಯನ್ನು ತಳ್ಳಿಕೊಂಡು ಹಾವನೂರು ಸರ್ಕಲ್‌ವರೆಗೆ ಅವನ ಜೊತೆ ನಡೆಯುತ್ತಿದ್ದೆ. ಪೆಟ್ರೋಲ್ ಇರುತ್ತಿತ್ತು. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ದೂರದಲ್ಲಿ ಯಾವಾಗಲೋ 'ಮೇಡಂ' ಹೋಗಿ 'ಚೈತ್ರಾ' ಬಂತು. ಅವನ ಬಾಯಲ್ಲಿ ನನ್ನ ಹೆಸರು ಕೊಂಚ ಉದ್ದವಾಗುತ್ತಿತ್ತು. ಮನೆಗೆ ಹೋಗಿ ಅದನ್ನು ಮೆಲ್ಲಗೆ ಅವನಂತೆಯೇ ಹೇಳಿ ನೋಡಿಕೊಂಡಿದ್ದೇನೆ.

ನವೆಂಬರಿನಲ್ಲಿ ವಿಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಿಂದ ದೂರು ಬಂತು. ಅಲ್ಲಿ ಎರಡು ಕೋಣೆ, ಎರಡು ಮೆಷಿನ್. ಎರಡಕ್ಕೂ ಸೇರಿ ಒಂದೇ ಹಳೆಯ ಕಂಪ್ಯೂಟರ್. ಚಿತ್ರ ತಡವರಿಸುತ್ತಿದೆ ಎಂದರು. ಬಾಳೇಶ ಅಳೆದು ನೋಡಿದ. ಹೊತ್ತು ಹೋಗುತ್ತಿದ್ದುದು ನನ್ನ ಮೂರು ಪರೀಕ್ಷೆಗಳಲ್ಲಿ.

"ತಗದುಬಿಡೂಣು ಚೈತ್ರಾ."

"ಅವು ಇದ್ರೆ ಧೈರ್ಯ."

"ಯಾರಿಗೆ? ಬಫರ್ ತಗೊಳ್ಳಾವ ನಾ ಒಬ್ಬನ. ನನ್ನ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನು?"

ನಗುತ್ತಲೇ ಕೇಳಿದ. ಆದರೆ ನಗು ಮುಗಿದ ಮೇಲೂ ಕಣ್ಣು ನನ್ನ ಮೇಲೆಯೇ ಉಳಿಯಿತು, ಉತ್ತರಕ್ಕೆ ಕಾಯುತ್ತಾ.

"ಇದೆ," ಎಂದೆ. ಅವನೆದುರಿಗೇ ಮೂರನ್ನೂ ಅಳಿಸಿದೆ. ಒಂದೊಂದು ಸಾಲು ಹೋದಾಗಲೂ ಅವನು ಮೇಜಿನ ಮೇಲೆ ಬೆರಳಿನಿಂದ ಸಣ್ಣಗೆ ತಾಳ ಹಾಕಿದ. ಚಿತ್ರ ನೀರಿನಂತೆ ಹರಿಯಿತು. "ನೋಡ್ರಿ, ಏನೂ ಆಗಲಿಲ್ಲ," ಎಂದು ಕ್ಯಾರಿಯರ್ ಎತ್ತಿಕೊಂಡು ಊಟಕ್ಕೆ ಹೋದ.

ಅವನು ಊಟದಲ್ಲಿದ್ದಾಗ ನಾನು ಏಳು ಸಾಲು ಬರೆದೆ.

ಒಂದು ಬಫರ್ ಎರಡು ನಿಮಿಷವಾದರೂ ವಾಪಸ್ ಬರದಿದ್ದರೆ, ಕೇಳದೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೇರೆಯವರಿಗೆ ಕೊಟ್ಟುಬಿಡುವುದು. ಇಷ್ಟೇ. ಅವನು ಮರೆತರೆ ಎಂದು. ಮರೆತೇ ಮರೆಯುತ್ತಾನೆಂದಲ್ಲ, ಮರೆತರೆ. ಒಂದು ಚಿತ್ರ ಪರದೆಯ ಮೇಲೆ ಕ್ಷಣಮಾತ್ರ ಇರುತ್ತದೆ. ಎರಡು ನಿಮಿಷ ಎಂದರೆ ಧಾರಾಳವೆಂದು ನನ್ನ ಎಣಿಕೆ.

ಪ್ರತಿ ಬದಲಾವಣೆಗೂ ಟಿಪ್ಪಣಿ ಬರೆದಿಡುವವಳು ನಾನು. ಇದಕ್ಕೆ ಬರೆಯಲಿಲ್ಲ. ಬರೆದರೆ ಅವನು ಓದುತ್ತಾನೆ. ಓದಿದರೆ, ನನ್ನ 'ಇದೆ' ಎಂಬ ಮಾತಿನ ಬೆನ್ನಿಗೆ ಒಂದು ಕಾವಲು ನಿಂತಿದೆ ಎಂದು ತಿಳಿಯುತ್ತದೆ.

ಡಿಸೆಂಬರಿನಲ್ಲಿ, ಸರ್ಕಲ್ ಹತ್ತಿರ, ಕಡಲೆಕಾಯಿಯ ಪೊಟ್ಟಣ ಬಿಚ್ಚುತ್ತಾ ಅವನು ಕೇಳಿದ. "ಸಂಕ್ರಮಣ ಆದಮ್ಯಾಲ ಅವ್ವ ಬೆಂಗಳೂರಿಗೆ ಬರ್ತಾಳ. ನಿಮ್ಮ ಮನಿಗೆ ಕರಕೊಂಡು ಬರ್ಲೇನು?"

"ಯಾಕೆ?" ಎಂದೆ, ಗೊತ್ತಿದ್ದೂ.

"ನಿಮ್ಮಪ್ಪಾರಿಗೆ ಒಂದು ಮಾತು ಕೇಳಬೇಕಂತ ಆಕಿಗೆ. ಮೂರು ಸಲ ಕೇಳ್ರಿ, ನೂರು ಸಲ ಕೇಳ್ರಿ, ಈ ಸಲ ಬ್ಯಾಡ ಅನ್ನಂಗಿಲ್ಲ ನಾ."

ನನ್ನ ಕೆನ್ನೆ ಬಿಸಿಯಾಯಿತು. ಹೌದು ಎನ್ನಲು ಒಂದೇ ಮಾತು ಸಾಕಿತ್ತು. ನಾನು ಎಂದದ್ದು, "ವರ್ಷನ್ ಎರಡು ಕಳಿಸೋದು ಮುಗೀಲಿ. ಆಮೇಲೆ."

"ಆಯ್ತ್ರಿ. ಅವ್ವಗ ಹಂಗ ಹೇಳ್ತೀನಿ. ವರ್ಷನ್ ಎರಡು ಅಂದ್ರೇನಂತ ಕೇಳಿದ್ರ ನೀವ ಹೇಳಬೇಕು."

ನವೆಂಬರಿನ ಬದಲಾವಣೆಗಳೆಲ್ಲ ಸೇರಿದ್ದ ವರ್ಷನ್ ಎರಡು ಜನವರಿಯ ಮೊದಲ ವಾರ ವಿಜಯನಗರಕ್ಕೆ ಹೋಯಿತು. ಎರಡನೆಯ ಸೋಮವಾರ ನಮ್ಮ ಯಜಮಾನರು ಬಸವಲಿಂಗಪ್ಪನವರು ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದರು. ಕೈಯಲ್ಲೊಂದು ಸ್ಕ್ಯಾನ್ ಪ್ರಿಂಟ್ ಇತ್ತು.

ಬಿನ್ನಿಪೇಟೆಯ ಲಕ್ಷ್ಮಿ ಎಂಬ ಹುಡುಗಿ ಐದನೇ ತಿಂಗಳ ಸ್ಕ್ಯಾನಿಗೆ ಹೋಗಿದ್ದಳು. ಹೊಟ್ಟೆಯ ಕೂಸಿನ ಎದೆಬಡಿತ ನಿಂತಿತ್ತು. ಡಾಕ್ಟರಮ್ಮ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿ, ಅವಳ ಕೈಹಿಡಿದು, ಸಮಾಧಾನವಾಗಿ ತಿಳಿಸಿ ಹೇಳಿದರು. ಆಮೇಲೆ ಪರದೆಯತ್ತ ತಿರುಗದೆಯೇ ಪ್ರಿಂಟ್ ಒತ್ತಿ, ಫೈಲಿಗೆ ಸೇರಿಸಿ ಕಳಿಸಿದರು. ಮನೆಯಲ್ಲಿ ಫೈಲು ಬಿಚ್ಚಿದರೆ ಚಿತ್ರದಲ್ಲಿ ಬೇರೊಂದು ಮಗು. ಬಾಯಿಯ ಹತ್ತಿರ ಬೆರಳಿಟ್ಟುಕೊಂಡಿದ್ದ, ಕಾಲು ಮಡಿಸಿದ್ದ, ನೆಟ್ಟಗಿದ್ದ ಮಗು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಇನ್ಯಾರದೋ. ಇಡೀ ಒಂದು ದಿನ ಆ ಮನೆಯವರು ಡಾಕ್ಟರಮ್ಮ ತಪ್ಪು ಹೇಳಿದ್ದಾರೆಂದು ನಂಬಿದ್ದರು. ಮರುದಿನ ಪ್ರಿಂಟ್ ಹಿಡಿದು, ಸ್ವೀಟು ಕಟ್ಟಿಸಿಕೊಂಡು ಸೆಂಟರಿಗೆ ಬಂದಿದ್ದರು.

"ಡಾಕ್ಟರಮ್ಮ ಆ ಹುಡುಗಿಗೆ ಎರಡನೇ ಸಲ ಹೇಳ್ಬೇಕಾಯ್ತಂತೆ," ಎಂದರು ಬಸವಲಿಂಗಪ್ಪ. "ಬಾಳೇಶ, ಚಿತ್ರ ಪರದೆ ಮೇಲಿರೋವಾಗ್ಲೇ ನೀನು ಬಫರ್ ವಾಪಸ್ ಮಾಡಿಬಿಟ್ಟಿದೀಯ ಕಣಯ್ಯ. ಅದೇ ಜಾಗಕ್ಕೆ ಪಕ್ಕದ್ದು ಬಂದು ಬಿದ್ದಿದೆ. ನಿಂದು ಯಾವಾಗ್ಲೂ ಅವಸರ."

ಬಾಳೇಶ ಬಿಳಿಚಿಕೊಂಡ. "ಇಲ್ರಿ ಸರ್. ಪ್ರಿಂಟ್ ಆಗೋ ಮಟ ನಾ ಬಿಡಂಗಿಲ್ಲ. ನೋಡ್ತೀನಿ ತಡೀರಿ."

ಸೆಂಟರಿನ ಕಂಪ್ಯೂಟರ್ ಬರೆದಿಟ್ಟ ಸಮಯಗಳ ಪಟ್ಟಿಯನ್ನು ನಾನು ನೋಡಿದೆ. ಚಿತ್ರ ನಿಲ್ಲಿಸಿದ್ದು ಹನ್ನೊಂದು ಹನ್ನೆರಡಕ್ಕೆ. ಪ್ರಿಂಟ್ ಹನ್ನೊಂದು ಹದಿನೇಳಕ್ಕೆ.

ಐದು ನಿಮಿಷ. ಒಳ್ಳೆಯ ಸುದ್ದಿಗೆ ಅರ್ಧ ನಿಮಿಷ ಸಾಕು. ಕೆಟ್ಟ ಸುದ್ದಿ ಹೇಳುವವರು, ಕೇಳುವವರು, ಇಬ್ಬರಿಗೂ ಹೊತ್ತು ಬೇಕು. ನನ್ನ ಏಳು ಸಾಲಿಗೆ ಅದು ತಿಳಿದಿರಲಿಲ್ಲ. ಎರಡು ನಿಮಿಷ ತುಂಬುತ್ತಲೇ ಅದು ಬಾಳೇಶನ ಕೈಯಿಂದ ಬಫರ್ ಕಿತ್ತುಕೊಂಡು ಪಕ್ಕದ ಕೋಣೆಗೆ ಕೊಟ್ಟಿತ್ತು.

ಆ ಕ್ಷಣವೇ ನನಗೆ ತಿಳಿಯಿತು. ಪಟ್ಟಿಯನ್ನು ಮಡಿಸಿ ಮೇಜಿನ ಮೇಲಿಟ್ಟೆ.

ಸೋಮವಾರ ಹೇಳಲಿಲ್ಲ, ಎಲ್ಲರೂ ಇದ್ದರೆಂದು. ಮಂಗಳವಾರ ಹೇಳಲಿಲ್ಲ, ಮೊದಲು ಸರಿಪಡಿಸಿ ಆಮೇಲೆ ಹೇಳೋಣವೆಂದು. ಅಷ್ಟರಲ್ಲಿ ಅವನು ಸಾವಿರದ ಇನ್ನೂರು ಸಾಲುಗಳನ್ನು ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದುತ್ತಿದ್ದ. ಊಟದ ಕ್ಯಾರಿಯರ್ ಬಿಚ್ಚಲಿಲ್ಲ. ನಾಲ್ಕು ಗಂಟೆಗೆ ಕುರ್ಚಿ ಎಳೆದುಕೊಂಡು ಬರಲಿಲ್ಲ.

"ಚೈತ್ರಾ, ಇಲ್ಲಿ ನೋಡ್ರಿ. ಇಲ್ಲೇನರ ತಪ್ಪೈತೇನು?" ಎಂದು ಹಾಳೆ ತಂದು ಹಿಡಿಯುತ್ತಿದ್ದ.

"ಇಲ್ಲ," ಎನ್ನುತ್ತಿದ್ದೆ. ಅದು ನಿಜವಾಗಿತ್ತು. ನಿಜವನ್ನೇ ಹೇಳುತ್ತಾ ನಾನು ಅವನನ್ನು ಕೊಲ್ಲುತ್ತಿದ್ದೆ.

"ನೀವು ಇಷ್ಟು ಹುಷಾರಿದ್ದೋರು ಇಲ್ಲ ಅಂದ್ರ ಇಲ್ಲ. ಆದ್ರ ಎಲ್ಲೋ ಐತಿ. ನನ್ನ ಕಣ್ಣಿಗೆ ಬೀಳವಲ್ದು ಅಷ್ಟ."

ಬುಧವಾರ ಅವನು ರಜೆ ಹಾಕಿದ. ಗುರುವಾರ ಮಧ್ಯಾಹ್ನ ನನ್ನನ್ನು ಮೆಟ್ಟಿಲ ಬಳಿಗೆ ಕರೆದ. ಶೇವ್ ಮಾಡಿರಲಿಲ್ಲ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ.

"ನಿನ್ನೆ ಬಿನ್ನಿಪೇಟಿಗೆ ಹೋಗಿದ್ದೆ. ಆ ಲಕ್ಷ್ಮಿ ಮನಿಗೆ."

ನಾನು ಕಂಬಿ ಹಿಡಿದುಕೊಂಡೆ.

"ತಪ್ಪು ನಂದ ಅಂತ ಹೇಳಿದೆ. ಆಕಿ ಅತ್ತಿ ಶಿವಗಂಗಮ್ಮ ಅಂತ, ನೀರು ಕೊಟ್ಟು ಒಳಗ ಹೋಗಿಬಿಟ್ರು. ಬೈದಿದ್ರ ಛಲೋ ಇತ್ತು. ಆ ಹುಡುಗಿ ಗ್ವಾಡಿಗೆ ಒರಗಿ ಕುಂತಿತ್ತು. ಒಂದ ಮಾತು ಕೇಳ್ತು. ಹಾಗಾದ್ರೆ ಆ ಫೋಟೋದಲ್ಲಿರೋ ಮಗು ಚೆನ್ನಾಗಿದೆಯಾ ಅಣ್ಣಾ, ಅಂತ."

ಕೆಳಗೆ ಟೈಲರ್ ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಚೆನ್ನಾಗೈತಿ ಅಂದೆ. ನನಗೇನು ಗೊತ್ತು? ಆದ್ರೂ ಅಂದೆ. ನಾ ಈ ಕೆಲಸಾನ ಬಿಡ್ತೀನಿ ಚೈತ್ರಾ. ತಪ್ಪು ಮಾಡಿದ್ದು ಅಷ್ಟ ಅಲ್ಲ, ಎಲ್ಲಿ ಮಾಡೀನಿ ಅಂತನೂ ಗೊತ್ತಾಗದವ ನಾ. ಇಂಥಾ ಕೈ ದವಾಖಾನಿ ಕೆಲಸಕ್ಕ ಇರಬಾರದು."

"ನಿಮ್ಮ ತಪ್ಪಲ್ಲ," ಎಂದೆ.

"ನೀವು ಹಂಗ ಅಂತೀರಿ."

"ಬಾಳೇಶ್, ಕೇಳಿ. ನೀವು ಬಫರ್ ಬಿಟ್ಟಿರಲಿಲ್ಲ. ನಾನೇ ಕಿತ್ಕೊಂಡೆ."

ಎಲ್ಲವನ್ನೂ ಹೇಳಿದೆ. ಏಳು ಸಾಲು, ಎರಡು ನಿಮಿಷ, ಐದು ನಿಮಿಷ. ಮಾತುಗಳನ್ನು ಆರಿಸಲು ಪುರುಸೊತ್ತಿರಲಿಲ್ಲ. ಅವನು ನನ್ನ ಬಾಯನ್ನೇ ನೋಡುತ್ತಿದ್ದ, ಪರಭಾಷೆ ಕೇಳುವವನಂತೆ.

"ಯಾವಾಗ ಬರದ್ರಿ ಅದನ್ನ?"

"ನವೆಂಬರ್‌ನಲ್ಲಿ. ಆ ಮೂರು ಚೆಕ್ ಅಳಿಸಿದ ದಿನಾನೇ. ನೀವು ಊಟಕ್ಕೆ ಹೋದಾಗ."

"ನಂಬಿಕಿ ಐತಿ ಅಂದಿದ್ರಿ ಅವತ್ತು."

"ಅಂದಿದ್ದೆ."

"ಇದ ಕಾರಣ ಅಂತ ಯಾವಾಗ ಗೊತ್ತಾತು?"

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಈಗ, ಇವತ್ತು ಬೆಳಿಗ್ಗೆ. ಅವನು ನಂಬುತ್ತಿದ್ದ.

"ಸೋಮವಾರ," ಎಂದೆ.

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವು ಯಾರವೋ ಎಂಬಂತೆ ನೋಡಿದ.

"ನಾ ಒಂದೊಂದು ಸಾಲು ತಂದು ತೋರಸ್ತಿದ್ದೆ ನಿಮಗ," ಎಂದ. ಅಷ್ಟೇ. ದನಿ ಏರಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರ ಮುಂದೆ ಬಸವಲಿಂಗಪ್ಪನವರಿಗೆ ಹೇಳಿದೆ. ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. "ಹುಷಾರಿರಲಿ ಅಂತ ಮಾಡಿದೀಯ. ತೆಗೆದು ಹೊಸದು ಕಳ್ಸಮ್ಮ," ಎಂದರು. ಯಾರೂ ಬೈಯಲಿಲ್ಲ. ಬಾಳೇಶನಿಗೆ ಅವಸರದವನೆಂದು ಸಿಕ್ಕಿದ ಬೈಗುಳ ನನಗೆ ಎಚ್ಚರದವಳೆಂದು ಸಿಗಲಿಲ್ಲ. ಆ ಏಳು ಸಾಲುಗಳನ್ನು ಅಳಿಸಿದೆ. ಯಾಕೆ ಬರೆದೆ, ಯಾಕೆ ಅಳಿಸಿದೆ ಎಂದು ಈ ಸಲ ಉದ್ದದ ಟಿಪ್ಪಣಿ ಬರೆದೆ.

ಶನಿವಾರ ಬಿನ್ನಿಪೇಟೆಗೆ ಹೋದೆ. ಶಿವಗಂಗಮ್ಮ ಬಾಗಿಲಲ್ಲೇ ನಿಲ್ಲಿಸಿದರು.

"ಆ ಹುಡುಗ ಬಂದು ಹೋದ್ನಲ್ಲ. ಇನ್ನೂ ಎಷ್ಟು ಜನ ಬರ್ತೀರ?"

"ತಪ್ಪು ಅವರದಲ್ಲ ಅಂತ ಹೇಳೋಕೆ ಬಂದೆ ಅಮ್ಮಾ. ನನ್ನದು. ಅವರಿಗೆ ಗೊತ್ತಿಲ್ದೇ ನಿಮ್ಮತ್ರ ಬಂದಿದ್ರು."

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರದಾದ್ರೆ ನಮಗೇನಮ್ಮ. ಮಲಗಿದಾಳೆ, ಎಬ್ಬಿಸಲ್ಲ. ಹೋಗಿ ಬಾ."

ಬಾಳೇಶ ಅಷ್ಟರಲ್ಲಾಗಲೇ ಕೊಟ್ಟಿದ್ದ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲಿಲ್ಲ. ರಾಜರಾಜೇಶ್ವರಿನಗರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಉಳಿದ ಒಂದು ತಿಂಗಳು ಅವನು ನನ್ನೊಡನೆ ಚೆನ್ನಾಗಿಯೇ ಮಾತಾಡಿದ. ಅದೇ ಕಷ್ಟವಾಗಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟ, ತನ್ನ ಕೋಡನ್ನೆಲ್ಲ ಸಾಲು ಸಾಲಾಗಿ ನನಗೆ ಒಪ್ಪಿಸಿದ, ಮತ್ತೆ 'ಮೇಡಂ' ಎಂದ. ಅವನ ಅವ್ವ ಬಂದು ಹೋದದ್ದು ನನಗೆ ಪಾಪಮ್ಮನಿಂದ ತಿಳಿಯಿತು. ಆಫೀಸಿಗೆಂದು ಒಂದು ಡಬ್ಬಿ ಕರದಂಟು ಕೊಟ್ಟುಕಳಿಸಿದ್ದರಂತೆ. ಎಲ್ಲರ ಮೇಜಿನ ಮೇಲೂ ಒಂದೊಂದು ತುಂಡು ಇತ್ತು, ನನ್ನ ಮೇಜಿನ ಮೇಲೂ.

ಕೊನೆಯ ದಿನ ಐದೂವರೆಗೆ ಅವನು ಎಲ್ಲರಿಗೂ ಕೈಮುಗಿದು ಹೊರಟ. ನಾನು ಮೆಟ್ಟಿಲವರೆಗೆ ಬಂದೆ. ಅವನು ಎರಡು ಮೆಟ್ಟಿಲು ಇಳಿದಿದ್ದ.

"ಬಾಳೇಶ್, ನನಗೆ ನೀವು ಬೇಕು," ಎಂದೆ.

ಆಡುವ ಮೊದಲು ತೂಗದೆ ನಾನು ಆಡಿದ ಒಂದೇ ಮಾತು ಅದು. ಅವನು ನಿಂತ. ತಿರುಗಿ ನೋಡಿದಾಗ ಅವನ ಕಣ್ಣಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ಅದನ್ನು ಹಿಡಿದುಕೊಂಡು ಜಗಳವಾಡಬಹುದಿತ್ತು, ಅತ್ತು ಕರೆದು ರಾಜಿಯಾಗಬಹುದಿತ್ತು.

"ನೀವು ಕಾವಲು ಇಟ್ಟಿದ್ದಕ್ಕ ನನಗ ಬ್ಯಾಸರ ಇಲ್ರಿ," ಎಂದ. "ಅಂಜಿಕಿ ಇದ್ದವರು ಇಡ್ತಾರ. ಸೋಮವಾರ ಬಂದು ಹೇಳಿದ್ರ ನಾ ನಕ್ಕು ಬಿಡ್ತಿದ್ದೆ. ಆದ್ರ ಮೂರು ದಿನ ನಾ ನನ್ನ ಕೈನ ನಂಬಲಿಲ್ಲ. ನೀವು ಬಾಜೂಕ ಕುಂತು ಅದನ್ನ ನೋಡಿದ್ರಿ."

"ಇನ್ನು ಹಾಗೆ ಮಾಡಲ್ಲ."

"ಗೊತ್ತೈತ್ರಿ. ನೀವು ಮಾಡಂಗಿಲ್ಲ." ಅವನು ಒಮ್ಮೆ ಮೃದುವಾಗಿ ನಕ್ಕ, ಹಳೆಯ ನಗುವೇ, ಆದರೆ ಬೇಗ ಆರಿತು. "ನನಗ ಆಗವಲ್ದು. ನಿಮ್ಮ ಮುಂದ ನಿಂತ್ರ ನಾ ಏನೋ ತಪ್ಪು ಮಾಡೀನಿ ಅನಸತೈತಿ. ಅಂಥಾ ಮನಿಯಾಗ ಹೆಂಗ ಇರೂಣು, ನೀವ ಹೇಳ್ರಿ."

ಅವನು ಸ್ವಲ್ಪ ಹೊತ್ತು ಕಾದ. ಅವಸರದವನೆಂದು ಎಲ್ಲರೂ ಕರೆದವನು ಅಂದು ನನಗಾಗಿ ಕಾದ. ಆಮೇಲೆ ತಲೆಯಾಡಿಸಿ, ಇಳಿದು ಹೋದ.

ರಾಜರಾಜೇಶ್ವರಿನಗರ ದೂರವೇನಲ್ಲ. ಸ್ಕೂಟಿಯಲ್ಲಿ ಅರ್ಧ ಗಂಟೆ. ನಾನು ಅಲ್ಲೇ ನಿಂತು, ಅವನು ರಸ್ತೆ ದಾಟುವುದನ್ನು, ಆಟೋಗಳ ನಡುವೆ ಬಿಳಿ ಅಂಗಿ ಒಮ್ಮೆ ಕಂಡು ಒಮ್ಮೆ ಮರೆಯಾಗುವುದನ್ನು ನೋಡಿದೆ. ಬಸ್ಸು ಬಂದು ನಿಂತು ಹೋದ ಮೇಲೆ ಸ್ಟಾಪಿನಲ್ಲಿ ಬೇರೆ ಜನರಿದ್ದರು.

ಪಾಪಮ್ಮ ಬೀಗ ಹಿಡಿದು ಹಿಂದೆ ಬಂದು ನಿಂತಿದ್ದಳು.

"ಇನ್ನೂ ಯಾರಾದ್ರೂ ಬರೋರಿದಾರೇನಮ್ಮ?"

"ಇಲ್ಲ," ಎಂದೆ.